ಹಿಂದಿನ ಸೀಟಿನ ಹೂಂ

ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಗಲ್ಲಿ ದೊಡ್ಡ ರಸ್ತೆಗೆ ಕೂಡುವ ಕಡೆ ಈಗ ಮೊಬೈಲ್ ಕವರ್ ಮಾರುವ ಅಂಗಡಿಯಾಗಿದೆ. ಹೊರಗೆ ಬಣ್ಣದ ದೀಪ, ಒಳಗೆ ಗೋಡೆ ತುಂಬ ಕನ್ನಡಿ. ಎರಡು ಮಗ್ಗದ ಶೆಡ್ಡುಗಳ ನಡುವಿನ ಆ ಜಾಗದಲ್ಲಿ ಹೋದ ವರ್ಷದವರೆಗೆ ನಮ್ಮ ಮಿಸ್ತ್ರಿಯ ಗ್ಯಾರೇಜು ಇತ್ತು. ನೆಲದ ಕರಿ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲವೆಂದು ಅಂಗಡಿಯವರು ಅದರ ಮೇಲೆ ಬಿಳಿ ಟೈಲ್ಸ್ ಹಾಕಿಸಿದರು. ಅಲ್ಲಿಗೆ ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ನಾನು ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಮುಂದೆ ಹೋಗುತ್ತೇನೆ.

ಮಿಸ್ತ್ರಿ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಯಾರ ಬಗ್ಗೆಯಾದರೂ ಬರೆಯಲು ಕೂತರೆ ಓದುವವರು ಮೊದಲು ಫೋಟೋಕ್ಕೆ ಹಾಕಿದ ಹಾರ ಹುಡುಕುತ್ತಾರೆ. ಅವರು ದತ್ತವಾಡದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾರಂತೆ. ಸತ್ತವರ ಬಗ್ಗೆ ಬರೆಯುವುದು ಇದಕ್ಕಿಂತ ಹಗುರವಾಗಿತ್ತೇನೋ.

ನಾನು ಕನ್ನಡ ಶಾಲೆಯ ಶಿಕ್ಷಕಿ. ಮರಾಠಿ ಬೋರ್ಡುಗಳ ನಡುವೆ ಕನ್ನಡ ಅಕ್ಷರ ತಿದ್ದಿಸುವ ಕೆಲಸ, ಅದೂ ವರ್ಷಕ್ಕೆ ವರ್ಷ ಕಡಿಮೆಯಾಗುವ ಮಕ್ಕಳಿಗೆ. ನಲವತ್ತು ದಾಟಿದ ಮೇಲೆ ಕಾರು ಕಲಿತೆ. ಗಡಹಿಂಗ್ಲಜದಲ್ಲಿರುವ ನನ್ನ ಅಕ್ಕ ತನ್ನ ಹಳೆಯ ಬಿಳಿ ಕಾರನ್ನು ನನಗೆ ಕೊಟ್ಟಳು. ಪ್ರೀತಿಯಿಂದ ಕೊಟ್ಟಳೆಂದು ನಾನು ತಿಳಿದೆ. ಮೊದಲ ಸಲ ಗ್ಯಾರೇಜಿಗೆ ಒಯ್ದಾಗ ಮಿಸ್ತ್ರಿ ಅದರ ಸುತ್ತ ಒಂದು ಸುತ್ತು ಹಾಕಿ, "ನಿಮ್ಮ ಅಕ್ಕಾರಿಗೆ ನಿಮ್ಮ ಮ್ಯಾಲ ಯಾವಾಗಿನ ಸಿಟ್ಟ ಇತ್ರಿ?" ಎಂದು ಕೇಳಿದರು.

ಕುಳ್ಳಗಿನ, ಅಗಲ ಭುಜದ ಮನುಷ್ಯ. ಹುಬ್ಬುಗಳು ಯಾವಾಗಲೂ ಗಂಟು. ಒಳ್ಳೆಯ ಮಾತು ಆಡಿದರೆ ಗಿರಾಕಿ ತಲೆಯ ಮೇಲೆ ಕೂರುತ್ತಾನೆಂದು ಅವರ ನಂಬಿಕೆ.

"ಏನಾಗೇತ್ರಿ?" ಎಂದರು.

"ಬ್ರೇಕ್ ಒತ್ತಿದ್ರ ಪೆಡಲ್ ಒಳಗ ಹೋಗಾಕತ್ತೈತ್ರಿ."

"ಎಷ್ಟ ದಿವಸಾತು?"

"ವಾರ ಆಗಿರಬೇಕ್ರಿ."

"ವಾರ! ಆಯ್ಲಾ... ಅಕ್ಕೋರ, ಸಾಲ್ಯಾಗ ಹುಡುಗರು ತಪ್ಪ ಮಾಡಿದ್ರ ನೀವು ಕಿವಿ ಹಿಂಡ್ತೀರಿ. ಇಲ್ಲಿ ನಾ ಯಾರ ಕಿವಿ ಹಿಂಡ್ಲಿ?"

ನನಗೆ ಸಿಟ್ಟು ಬಂತು. ಕಾರು ತಿರುಗಿಸಿಕೊಂಡು ಹೋಗಿಬಿಡಬೇಕು ಎನಿಸಿತು, ಆದರೆ ಬ್ರೇಕ್ ಇಲ್ಲದ ಗಾಡಿಯಲ್ಲಿ ಸಿಟ್ಟು ಮಾಡಿಕೊಂಡು ಹೋಗುವುದಾದರೂ ಎಲ್ಲಿಗೆ? ಅವರು ಸೀಟಿನಲ್ಲಿ ಕೂತು ಪೆಡಲನ್ನು ಒತ್ತಿ ಹಿಡಿದುಕೊಂಡರು. ಕಾಲಿನ ಕೆಳಗೆ ಅದು ಮೆಲ್ಲಗೆ ಇಳಿಯುತ್ತ ಹೋಯಿತು. ಬಾನೆಟ್ ಎತ್ತಿ ಬ್ರೇಕ್ ಆಯಿಲ್ಲಿನ ಬಾಟಲಿ ನೋಡಿದರು, ಅರ್ಧಕ್ಕಿಂತ ಕೆಳಗಿತ್ತು. "ಎಲ್ಲೋ ಸೋರಾಕತ್ತೈತಿ. ನಾಳಿ ಮುಂಜಾನಿ ಬರ್ರಿ. ಇವತ್ತ ಗಾಡಿ ಚಿಂದಿ ಮ್ಯಾಲ ಮಲಗಲಿ" ಎಂದರು.

ಚಿಂದಿ ಎಂದರೆ ನಮ್ಮ ಊರಿನ ಕೋರಾ ಬಟ್ಟೆ. ಬಣ್ಣ ಹಾಕದ, ತೊಳೆಯದ, ಮಗ್ಗದಿಂದ ಇಳಿದ ಹಾಗೇ ಇರುವ ಬಟ್ಟೆ. ನೇಯ್ಗೆ ಕೆಟ್ಟ ತುಂಡುಗಳನ್ನು ಶೆಡ್ಡಿನವರು ಹೊರಗೆ ಎಸೆಯುತ್ತಾರೆ. ಮಿಸ್ತ್ರಿ ಅವನ್ನು ಆರಿಸಿ ತಂದು, ಸಂಜೆ ಗಾಡಿಯ ಕೆಳಗೆ ಮುಂಗಾಲಿಯಿಂದ ಹಿಂಗಾಲಿಯವರೆಗೆ ಹಾಸುತ್ತಿದ್ದರು. ಬೆಳಗ್ಗೆ ಅದನ್ನು ತೆಗೆದು ಬೆಳಕಿಗೆ ಹಿಡಿಯುತ್ತಿದ್ದರು. ಕರಿ ಚುಕ್ಕೆ ಇದ್ದರೆ ಎಂಜಿನ್ ಎಣ್ಣೆ. ಒಣಗಿ ಅಂಚು ಮಾತ್ರ ಉಳಿದಿದ್ದರೆ ನೀರು. ಬಣ್ಣವಿಲ್ಲದ, ಒಣಗದ, ಮುಟ್ಟಿದರೆ ಜಾರುವ ಕಲೆ ಇದ್ದರೆ ಬ್ರೇಕ್ ಆಯಿಲ್. ಕಲೆ ಯಾವ ಗಾಲಿಯ ಒಳಮಗ್ಗುಲಿಗೆ ಬಿದ್ದಿದೆಯೋ ಆ ಗಾಲಿಯ ರಬ್ಬರ್ ಹೋಗಿದೆ. ಕೊನೆಗೆ ಆ ಕಲೆಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಒಂದು ಸಲ ಎಳೆಯುತ್ತಿದ್ದರು.

"ಕಣ್ಣು ಅರ್ಧ ಹೇಳತೈತ್ರಿ. ಪೂರ್ತಿ ಹೇಳೂದು ಮೂಗು."

ನನಗೂ ಮೂಸಲು ಕೊಟ್ಟರು. ಏನೋ ಸಿಹಿ ವಾಸನೆ, ಅದರ ಹಿಂದೆ ಹಸಿ ಮೀನಿನಂಥದ್ದು. ಮೀನು ಮಾರುವ ಓಣಿಯನ್ನೂ ತಪ್ಪಿಸಿ ಸುತ್ತಿಕೊಂಡು ಹೋಗುವ ಲಿಂಗಾಯತರ ಮನೆಯವಳು ನಾನು. ಮುಖ ಸಿಂಡರಿಸಿದೆ. ಅವರಿಗೆ ಭಾರಿ ಖುಷಿಯಾಯಿತು. ಬೇರೆ ಗ್ಯಾರೇಜಿನವರು ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡುತ್ತಾರೆ, ಬ್ರೇಕ್ ಆಯಿಲ್ ನೀರಿನಲ್ಲಿ ಕೂಡಿಹೋಗುತ್ತದೆ, ಬೇರೆ ಎಣ್ಣೆ ತೇಲುತ್ತದೆ ಎಂದು ಅವರೇ ಹೇಳಿದರು. ಹೇಳಿ, ತುಟಿ ಸೊಟ್ಟ ಮಾಡಿ, "ಅದು ಮೂಗಿಲ್ಲದವರು ಮಾಡೂ ಕೆಲಸ" ಎಂದರು.

ಗ್ಯಾರೇಜಿನ ಹಿಂದೆಯೇ ಅವರ ಮನೆ, ಒಂದು ಕೋಣೆ ಮತ್ತು ಒಂದು ಪಡಸಾಲೆ. ಮಕ್ಕಳಿರಲಿಲ್ಲ. ಹೆಂಡತಿ ಹುಪರಿಯವರು, ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಹುಪರಿಯ ಹೆಣ್ಣುಮಕ್ಕಳಿಗೆ ಬೆಳ್ಳಿಯ ಕೆಲಸ ಕೈಗೆ ಅಂಟಿರುತ್ತದೆ. ವೈನಿ ತವರಿನ ಕಡೆಯ ವ್ಯಾಪಾರಿಯಿಂದ ಬೆಳ್ಳಿಯ ಸಣ್ಣ ದುಂಡು ಗೆಜ್ಜೆಗಳನ್ನು ತಂದು ಕಾಲ್ಗೆಜ್ಜೆಗೆ ಪೋಣಿಸಿ ಕೊಡುತ್ತಿದ್ದರು. ಪಡಸಾಲೆಯಲ್ಲಿ ಕಾಲು ಚಾಚಿ, ತೊಡೆಯ ಮೇಲೆ ಒಂದು ಹಿತ್ತಾಳೆಯ ತಾಟು ಇಟ್ಟುಕೊಂಡು ದಿನವೆಲ್ಲ ಅದೇ ಕೆಲಸ. ಒಂದು ಗೆಜ್ಜೆ ಉರುಳಿ ಹೋದರೂ ಮನೆಯೆಲ್ಲ ಗುಡಿಸಿ ಹುಡುಕಬೇಕು, ಬೆಳ್ಳಿ ಬೇರೆಯವರದು.

ಬ್ರೇಕಿನ ಕೆಲಸ ಮುಗಿದಾಗ ಮಿಸ್ತ್ರಿ ಒಳಗೆ ಮುಖ ಮಾಡಿ, "ಏ, ಬಾ" ಎಂದು ಕೂಗುತ್ತಿದ್ದರು. ವೈನಿ ಸೆರಗು ಸರಿಮಾಡಿಕೊಂಡು, ತಾಟನ್ನು ಹಾಗೇ ಹಿಡಿದುಕೊಂಡು ಬಂದು, ಗಾಡಿಯ ಹಿಂದಿನ ಸೀಟಿನ ನಟ್ಟನಡುವೆ ಕೂರುತ್ತಿದ್ದರು. ಮುಂದೆ ಮಾಲಕರು. ನದಿಯ ಕಡೆ ಇಳಿಯುವ ರಸ್ತೆಯಲ್ಲಿ ಗಾಡಿ ಓಡಿಸಿ ಮಿಸ್ತ್ರಿ ಗಟ್ಟಿಯಾಗಿ ಬ್ರೇಕ್ ಹಾಕುತ್ತಿದ್ದರು. ತಾಟಿನ ಗೆಜ್ಜೆಗಳೆಲ್ಲ ಕೂಡಿ ನೆಟ್ಟಗೆ ಮುಂದಕ್ಕೆ ಸರಿದು ನಿಂತರೆ ನಾಲ್ಕೂ ಗಾಲಿ ಸಮನಾಗಿ ಹಿಡಿದಿವೆ ಎಂದು ಅರ್ಥ. ಬಲಕ್ಕೆ ಉರುಳಿದರೆ ಎಡಗಾಲಿ ಮೊದಲು ಹಿಡಿಯುತ್ತಿದೆ. ವೈನಿ ತಲೆ ಎತ್ತದೆ, "ಎಡಕ್ಕ ನೋಡ್ರಿ" ಎನ್ನುತ್ತಿದ್ದರು. ಎಲ್ಲ ಸರಿ ಇದ್ದರೆ ಒಂದು "ಹೂಂ". ಆ ಹೂಂ ಬರುವ ತನಕ ಮಿಸ್ತ್ರಿ ಕೀಲಿಕೈ ಮಾಲಕರ ಕೈಗೆ ಕೊಡುತ್ತಿರಲಿಲ್ಲ.

"ಬ್ಯಾರೆಯವರು ಬ್ರೇಕ್ ಮಾಡಿ ಗಿರಾಕೀನ ಕೂಡಿಸಿ ನೋಡ್ತಾರ. ನಾ ನನ್ನ ಹೆಂಡ್ತೀನ ಕೂಡಿಸಿ ನೋಡ್ತೇನಿ" ಎಂದು ಅವರು ಊರಿಗೆಲ್ಲ ಸಾರಿಕೊಂಡು ಬರುತ್ತಿದ್ದರು. ಮರಾಠಿ ಗಿರಾಕಿಗಳಿಗೆ ಮರಾಠಿಯಲ್ಲಿ, ನಮಗೆ ಕನ್ನಡದಲ್ಲಿ, ಅದೇ ಮಾತು, ಅದೇ ಎದೆಯುಬ್ಬಿಸುವಿಕೆ. ನಾನೊಮ್ಮೆ ವೈನಿಯನ್ನು ಕೇಳಿದೆ, "ನಿಮಗ ಅಂಜಿಕಿ ಆಗೂದಿಲ್ಲೇನ್ರಿ?"

"ನನಗ ಅಂಜಿಕಿ ಗೆಜ್ಜಿ ಚೆಲ್ಲತಾವು ಅಂತ ರೀ. ಅವರ ಬ್ರೇಕಿಂದಲ್ಲ."

ಹಾಗೆಂದು ಇಬ್ಬರೂ ಲಕ್ಷ್ಮೀನಾರಾಯಣರ ಹಾಗೆ ಇದ್ದರು ಎಂದು ತಿಳಿಯಬೇಡಿ. ದಿನಾ ಜಗಳ. ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು, ಎಣ್ಣೆಗೈಯಲ್ಲಿ ಬಾಗಿಲು ಮುಟ್ಟಿದರೆಂದು. ಮಗ್ಗಗಳ ಖಟಪಟ ಸದ್ದಿನ ಮೇಲೂ ಅವರ ಜಗಳ ನಮ್ಮ ಮನೆಗೆ ಕೇಳುತ್ತಿತ್ತು. ಆದರೆ ಗಾಡಿಯಲ್ಲಿ ಕೂತಾಗ ಇಬ್ಬರೂ ಒಂದೂ ಹೆಚ್ಚಿನ ಮಾತು ಆಡುತ್ತಿರಲಿಲ್ಲ.

ಆಮೇಲೆ ಆ ಜ್ವರದ ವರ್ಷ ಬಂತು. ಮಗ್ಗಗಳು ನಿಂತವು. ನಮ್ಮ ಗಲ್ಲಿಯಲ್ಲಿ ಮೊದಲ ಸಲ ಗುಬ್ಬಿಯ ದನಿ ಕೇಳಿಸಿತು, ಕೇಳಿ ಯಾರಿಗೂ ಖುಷಿಯಾಗಲಿಲ್ಲ. ಮಿಸ್ತ್ರಿಗೂ ವೈನಿಗೂ ಜ್ವರ ಬಂದು ಹೋಯಿತು. ಗ್ಯಾರೇಜು ಮತ್ತೆ ತೆರೆಯಿತು. ಎಲ್ಲ ಮೊದಲಿನ ಹಾಗೇ ಇದೆ ಎಂದುಕೊಂಡಿದ್ದೆವು.

ಒಂದು ಮಧ್ಯಾಹ್ನ ಶಾಲೆಯಿಂದ ಬರುವಾಗ ಗ್ಯಾರೇಜಿನಲ್ಲಿ ನಿಂತಿದ್ದೆ. ಮಿಸ್ತ್ರಿ ಒಂದು ಗಾಡಿಯ ಬಾನೆಟ್ಟಿಗೆ ಬಗ್ಗಿ, ನನ್ನನ್ನು ಕಂಡು ಅಕ್ಕ ಕೊಟ್ಟ ಗಾಡಿಯನ್ನು ಬೈಯುತ್ತಿದ್ದರು. ಅವರ ಬೆನ್ನ ಹಿಂದೆ ನಿಂತಿದ್ದ ಜೀಪಿನಿಂದ ವೈರು ಸುಟ್ಟ ವಾಸನೆ ಬಂತು. ಸಣ್ಣ ವಾಸನೆಯಲ್ಲ, ನನಗೆ ತಲೆ ಸುತ್ತುವಷ್ಟು. ಅವರು ಬೈಯುತ್ತಲೇ ಇದ್ದರು. ನಾನು ಕೂಗುವಷ್ಟರಲ್ಲಿ ಒಳಗಿನಿಂದ ವೈನಿ ಓಡಿ ಬಂದರು. ತಾಟು ಎಲ್ಲೋ ಎಸೆದಿದ್ದರು. ಬ್ಯಾಟರಿಯ ವೈರನ್ನು ಕಿತ್ತು ಹಾಕಿ, ಮಣ್ಣು ಸುರಿದು, ಗಂಡನ ಮುಖ ನೋಡಿದರು. ಮಿಸ್ತ್ರಿ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ನಿಂತೇ ಇದ್ದರು.

ಚೆಲ್ಲಿದ ಗೆಜ್ಜೆಗಳನ್ನು ಆರಿಸಲು ನಾನೂ ಒಳಗೆ ಹೋದೆ. ನೆಲದ ಮೇಲೆ ಮೊಣಕಾಲೂರಿ ಕೂತಿದ್ದಾಗ ವೈನಿ ನನ್ನ ಕೈ ಹಿಡಿದುಕೊಂಡರು.

"ಜ್ವರ ಬಂದಾಗಿಂದ ಅವರಿಗೆ ವಾಸನಿ ಬರೂದಿಲ್ರಿ. ಯಾರ ಮುಂದೂ ಅನಬ್ಯಾಡ್ರಿ ಅಕ್ಕೋರ. ಬ್ರೇಕಿನ ಗಾಡಿ ಯಾರೂ ತರೂದಿಲ್ಲ ಆಮ್ಯಾಲ. ಅವರ ಮೂಗು ನಾ ಅದೇನಿ."

ಆಗ ನನಗೆ ಬೆಳಗಿನ ಹೊತ್ತು ಕಾಣುತ್ತಿದ್ದ ಒಂದು ದೃಶ್ಯದ ಅರ್ಥ ತಿಳಿಯಿತು. ಕೆಲವು ತಿಂಗಳಿಂದ ಗಾಡಿಯ ಕೆಳಗಿನ ಚಿಂದಿಯನ್ನು ವೈನಿಯೇ ತೆಗೆಯುತ್ತಿದ್ದರು. ಮಡಚುವ ನೆಪದಲ್ಲಿ ಮುಖದ ಹತ್ತಿರ ತಂದು, ಚಹಾ ಕೊಡುವ ನೆಪದಲ್ಲಿ ಗಂಡನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಗಲ್ಲಿಯ ಹೆಂಗಸರು ಈ ವಯಸ್ಸಿನಲ್ಲಿ ಇವರಿಗೇನು ಪ್ರೀತಿ ಉಕ್ಕಿದೆ ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ. ಮಿಸ್ತ್ರಿ ಆಮೇಲೆ ಎಲ್ಲರ ಮುಂದೆ ಚಿಂದಿಯನ್ನು ಬೆಳಕಿಗೆ ಹಿಡಿದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ತೆರೆದು, ಇದು ಇಂಥದ್ದು ಎನ್ನುತ್ತಿದ್ದರು. ಒಂದು ಸಲವೂ ತಪ್ಪುತ್ತಿರಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ನಂತರ ಒಂದು ಮುಂಜಾನೆ ವೈನಿಗೆ ಎದೆ ಹಿಡಿದುಕೊಂಡಿತು. ರಿಪೇರಿಗೆ ಬಂದಿದ್ದ ಯಾರದೋ ಗಾಡಿಯಲ್ಲಿ ಮಿಸ್ತ್ರಿಯೇ ಕೊಲ್ಹಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆ ದಾರಿಯ ಬಗ್ಗೆ ಅವರು ನನ್ನ ಮುಂದೆ ಒಂದೇ ಸಲ ಮಾತಾಡಿದ್ದಾರೆ, ಅದೂ ನಾನು ಕೇಳದೆ, ಗಾಲಿಯ ನಟ್ಟು ಬಿಗಿಯುತ್ತ.

"ಹಿಂದ ಕೂತಿದ್ಲು. ನಾ ಕೇಳಕೋತ ಹೊಂಟಿದ್ದೆ, ಆರಾಮ ಅದೀಯೇನು, ಆರಾಮ ಅದೀಯೇನು ಅಂತ. ಹೂಂ ಅನ್ನಾಕಿ. ಹಾತಕಣಂಗಲಾ ದಾಟಿದ ಮ್ಯಾಲ ಹೂಂ ಅನ್ನಲಿಲ್ಲ."

ನಟ್ಟು ಆಗಲೇ ಬಿಗಿಯಾಗಿತ್ತು. ಅವರು ಇನ್ನೂ ತಿರುಗಿಸುತ್ತಿದ್ದರು.

ಮಣ್ಣು ಮಾಡಿ ಬಂದ ಮೇಲೆ ಸ್ವಲ್ಪ ದಿನ ಬಾಗಿಲು ಮುಚ್ಚಿ, ಮತ್ತೆ ತೆರೆದರು. ಅದೇ ಹುಬ್ಬು, ಅದೇ ಬೈಗುಳ. ಅದೇ ಚಿಂದಿಯನ್ನು ತಾವೇ ಹಾಸಿ, ಬೆಳಗ್ಗೆ ತಾವೇ ತೆಗೆದು, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಆ ಮೂಗಿಗೆ ಏನೂ ತಿಳಿಯುವುದಿಲ್ಲವೆಂದು ಇಡೀ ಶಹಾಪುರದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನೋಡಲಾಗದೆ ಒಂದು ದಿನ, ಸುತ್ತ ಯಾರೂ ಇಲ್ಲದಾಗ, "ಮಿಸ್ತ್ರಿ, ನಾ ಮೂಸಿ ನೋಡ್ಲೇನ್ರಿ?" ಎಂದು ಕೇಳಿದೆ.

ಅವರ ಕೈಯಲ್ಲಿನ ಬಟ್ಟೆ ಹಾಗೇ ನಿಂತಿತು. "ಯಾಕ್ರಿ, ಸಾಲಿ ಬಿಡಿಸ್ಯಾರೇನು ನಿಮ್ಮನ್ನ?" ಎಂದವರು ಮೂರು ದಿನ ನನ್ನ ಜೊತೆ ಮಾತು ಬಿಟ್ಟರು.

ಗಾಡಿಯನ್ನು ಇಳಿಜಾರಿಗೆ ಒಯ್ಯುವುದನ್ನೂ ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ. ಬ್ರೇಕ್ ಹಾಕಿ ಗಾಡಿ ನಿಂತ ಮೇಲೆ ಎಂಜಿನ್ ಚಾಲೂ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ಪಕ್ಕದಲ್ಲಿದ್ದ ಮಾಲಕರು ಮಿಸ್ತ್ರಿ ಎಂಜಿನ್ ಸದ್ದು ಕೇಳುತ್ತಿದ್ದಾರೆಂದು ತಿಳಿಯುತ್ತಿದ್ದರು.

ಇನ್ನು ನಮ್ಮ ಯಜಮಾನರ ವಿಷಯ ಹೇಳದೆ ವಿಧಿಯಿಲ್ಲ. ನಮ್ಮದು ಸಣ್ಣ ಮಗ್ಗದ ಶೆಡ್ಡು. ಮಗ್ಗದ ಎಣ್ಣೆಯ ಮೇಲೆ ನಮ್ಮ ಯಜಮಾನರಿಗೆ ಇರುವ ಭಕ್ತಿ ದೇವರ ಮೇಲೂ ಇಲ್ಲ. ಕಿರುಗುಟ್ಟುವ ಬಾಗಿಲಿಗೆ ಅದೇ, ಹೊಲಿಗೆ ಮಷಿನಿಗೆ ಅದೇ, ಸೈಕಲ್ ಚೈನಿಗೆ ಅದೇ. ಒಮ್ಮೆ ನನ್ನ ಮೊಣಕಾಲಿಗೂ ಹಚ್ಚಲು ಬಂದಿದ್ದರು. ಇದು ಅವರೊಬ್ಬರ ಹುಚ್ಚಲ್ಲ, ಶಹಾಪುರದ ಶೆಡ್ಡಿನವರೆಲ್ಲ ಹೀಗೆಯೇ. ಹೋದ ವರ್ಷ ಬೇಸಿಗೆಯಲ್ಲಿ ನನ್ನ ಕಾರಿನ ಹಿಂದಿನ ಎಡಗಾಲಿಯಿಂದ ಬ್ರೇಕ್ ಆಯಿಲ್ ಸ್ವಲ್ಪ ಸೋರಿ, ಸ್ಟೇರಿಂಗಿನ ಮುಂದೆ ಬ್ರೇಕಿನ ಕೆಂಪು ದೀಪ ಹೊತ್ತಿಕೊಂಡಿತು. ಯಜಮಾನರು ಬಾನೆಟ್ ಎತ್ತಿದರು, ಬಾಟಲಿಯಲ್ಲಿ ಎಣ್ಣೆ ಕಡಿಮೆ ಇತ್ತು, ಶೆಡ್ಡಿನಿಂದ ತಂದು ತುಂಬಿಸಿದರು. ದೀಪ ಆರಿತು. ಹೇಳುವಂಥ ಕೆಲಸ ಎಂದು ಅವರಿಗೆ ಅನಿಸಲೇ ಇಲ್ಲ, ನನಗೆ ಹೇಳಲಿಲ್ಲ.

ಬ್ರೇಕಿನ ಒಳಗಿನ ರಬ್ಬರಿಗೆ ಬೇರೆ ಎಣ್ಣೆ ತಾಗಿದರೆ ಅದು ನೆನೆಸಿಟ್ಟ ಕಡಲೆಯ ಹಾಗೆ ಉಬ್ಬುತ್ತದೆ. ಉಬ್ಬಿ ಮೆತ್ತಗಾಗಿ, ಒಂದೊಂದೇ ಕಡೆ ಬಿಡುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ವಾರದ ಮೇಲೆ ಪೆಡಲ್ ಮತ್ತೆ ಮೆತ್ತಗಾಯಿತು. ಮಿಸ್ತ್ರಿ ಚಿಂದಿ ಹಾಸಿದರು. ಹಿಂದಿನ ಎಡಗಾಲಿಯ ಹತ್ತಿರ ಕಲೆ. ಮೂಗಿಗೆ ಹಿಡಿದು, "ಬ್ರೇಕ್ ಆಯಿಲ್" ಎಂದರು. ರಬ್ಬರ್ ಬದಲಿಸಿ, ಬ್ರೇಕಿನ ಪೈಪಿನ ಹವಾ ತೆಗೆದು ಕೊಟ್ಟರು. ಇನ್ನೊಂದು ವಾರಕ್ಕೆ ಮುಂದಿನ ಬಲಗಾಲಿ ಸೋರಿತು. ಅದನ್ನೂ ಮಾಡಿದರು. "ಹಳೇ ಗಾಡಿ ರೀ. ಒಂದ ಕಡೆ ಬಿಗಿ ಮಾಡಿದ್ರ ಇನ್ನೊಂದ ಕಡೆ ಬಿಡತೈತಿ" ಎಂದರು. ನಾನು ನಂಬಿದೆ. ಹಳೆಯ ಗಾಡಿ ಎಂಬುದು ಸುಳ್ಳೇನೂ ಆಗಿರಲಿಲ್ಲ.

ಮುಂದಿನ ರವಿವಾರ ಅಕ್ಕನನ್ನು ನೋಡಲು ನಾನೂ ಯಜಮಾನರೂ ಗಡಹಿಂಗ್ಲಜಕ್ಕೆ ಹೊರಟೆವು. ಊರು ಹತ್ತಿರ ಬರುವಾಗ ಒಂದು ಉದ್ದನೆಯ ಇಳಿಜಾರು ಇದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ಬ್ರೇಕ್ ಒತ್ತಿದೆ. ಪೆಡಲ್ ತಳಕ್ಕೆ ಹೋಗಿ ಅಲ್ಲೇ ಉಳಿಯಿತು. ಮತ್ತೆ ಮತ್ತೆ ಒತ್ತಿದೆ, ಏನೂ ಇಲ್ಲ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಸ್ತೆಯ ಬದಿಯಲ್ಲಿ ಯಾರೋ ಒಟ್ಟಿದ್ದ ಕಬ್ಬಿನ ರವದಿಯ ರಾಶಿಗೆ ಗಾಡಿ ನುಗ್ಗಿಸಿದೆ. ಒಣ ಎಲೆಗಳು ಗಾಜನ್ನೆಲ್ಲ ಮುಚ್ಚಿದವು. ಗಾಡಿ ನಿಂತಿತು. ಯಜಮಾನರು ದೇವರನ್ನು ನೆನೆದರು. ನಾನು ಯಾರನ್ನೂ ನೆನೆಯಲಿಲ್ಲ, ಸ್ಟೇರಿಂಗ್ ಹಿಡಿದ ಕೈ ಬಿಡಿಸಲು ಆಗುತ್ತಿರಲಿಲ್ಲ.

ಫೋನ್ ಮಾಡಿದೆ. ಮಿಸ್ತ್ರಿ ಯಾರದೋ ಮೋಟಾರ್ ಸೈಕಲ್ ತೆಗೆದುಕೊಂಡು ಅಷ್ಟು ದೂರ ಬಂದರು. ಇಳಿದವರೇ ಮೊದಲು ಗಾಡಿಯನ್ನು ನೋಡಲಿಲ್ಲ, ನಮ್ಮಿಬ್ಬರನ್ನು ನೋಡಿದರು. "ಎಲ್ಲೆ ಪೆಟ್ಟ ಆಗಿಲ್ಲಲ್ರಿ?" ಬೈಯಲಿಲ್ಲ. ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು.

ಬಾನೆಟ್ ಎತ್ತಿ ಬಾಟಲಿಯ ಮುಚ್ಚಳ ತೆಗೆದರು. ಮುಚ್ಚಳದ ಒಳಗಿನ ರಬ್ಬರ್ ಉಬ್ಬಿ ಹೊರಗೆ ಬಂದಿತ್ತು. ಅವರು ಅದನ್ನು ಬೆರಳಿನಿಂದ ಒತ್ತಿ ನೋಡಿದರು. ಬಾಟಲಿಯೊಳಗೆ ಬೆರಳು ಅದ್ದಿ ಮೂಗಿಗೆ ಹಿಡಿದರು, ಕಣ್ಣು ಮುಚ್ಚಲಿಲ್ಲ. ನನಗೆ ಆಗಲೇ ನಿಂತಲ್ಲಿಗೇ ವಾಸನೆ ಬಂದಿತ್ತು. ನಮ್ಮ ಮನೆಯ, ನಮ್ಮ ಗಲ್ಲಿಯ, ಯಜಮಾನರ ಅಂಗಿಯ ವಾಸನೆ. ಪಕ್ಕಕ್ಕೆ ತಿರುಗಿ ಯಜಮಾನರ ಮುಖ ನೋಡಿದೆ. ಅವರಿಗೂ ತಿಳಿದಿತ್ತು.

"ಅಕ್ಕೋರ, ಕುಡಿಯೂ ನೀರ ಅದಾವೇನ್ರಿ?" ಎಂದರು ಮಿಸ್ತ್ರಿ.

ನೀರಿನ ಬಾಟಲಿ ಕೊಟ್ಟೆ. ಕುಡಿಯಲು ಕೇಳುತ್ತಿದ್ದಾರೆ ಎಂದುಕೊಂಡೆ. ಅವರು ಅದರ ಮುಚ್ಚಳದಲ್ಲಿ ನೀರು ಹಾಕಿ, ಬೆರಳಿನ ತುದಿಯಿಂದ ಒಂದು ಹನಿ ಬಿಟ್ಟರು. ಹನಿ ಮೇಲೆ ತೇಲಿ, ಬಿಸಿಲಿಗೆ ಬಣ್ಣ ಬಣ್ಣವಾಗಿ ಹರಡಿತು. ದಾರಿಯಲ್ಲಿ ಹೋಗುವ ಟ್ರ್ಯಾಕ್ಟರಿನವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಅಷ್ಟು ಜನರ ಮುಂದೆ ಮಿಸ್ತ್ರಿ ಮೂಗಿಲ್ಲದವರ ಕೆಲಸ ಮಾಡಿ, ಆ ಮುಚ್ಚಳವನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತರು.

"ಮಗ್ಗದ ಎಣ್ಣಿ ಹೌದಲ್ರಿ?" ಎಂದು ನನ್ನನ್ನೇ ಕೇಳಿದರು.

"ಹೌದ್ರಿ."

ಯಜಮಾನರು ಮುಂದೆ ಬಂದು ಕೈ ಮುಗಿದರು. "ಮಿಸ್ತ್ರಿ, ನಾ ಹಾಕೇನ್ರಿ. ಕಡಿಮಿ ಆಗಿತ್ತು, ಎಣ್ಣಿ ಅಂದ್ರ ಎಣ್ಣಿ ಅಂತ ಹಾಕಿದೆ. ತಪ್ಪ ನಂದು."

"ಹಾಕೂದು ಮಾಲಕರ ಕೆಲಸ ರೀ ಶೇಟ್. ಹಾಕ್ತಾರ, ಏನೇನರ ಹಾಕ್ತಾರ. ಅದನ್ನ ಹಿಡಿಯೂದು ನನ್ನ ಕೆಲಸ." ಮುಚ್ಚಳದ ನೀರನ್ನು ನೆಲಕ್ಕೆ ಚೆಲ್ಲಿದರು. "ಎರಡ ಸಲ ಮೂಗಿಗೆ ಹಿಡಿದೆ. ಎರಡ ಸಲ ಬ್ರೇಕ್ ಆಯಿಲ್ ಅಂದೆ. ಶಹಾಪುರದಾಗ ಹುಟ್ಟಿದ ಕೂಸಿಗೂ ಗೊತ್ತಾಗೂ ವಾಸನಿ ಇದು. ಅಕಿ ಇದ್ದಿದ್ರ ಮೊದಲನೇ ದಿನಾನ ಅಂತಿದ್ಲು."

ಕಾರನ್ನು ಎಳೆಸಿಕೊಂಡು ಶಹಾಪುರಕ್ಕೆ ತಂದೆವು. ಮಿಸ್ತ್ರಿ ಬೇರೆ ಯಾವ ಕೆಲಸವನ್ನೂ ಹಿಡಿಯಲಿಲ್ಲ. ನಾಲ್ಕೂ ಗಾಲಿಯ ರಬ್ಬರ್, ಹೋಸ್ ಪೈಪು, ಮಾಸ್ಟರ್ ಸಿಲಿಂಡರ್, ಎಣ್ಣೆ ಮುಟ್ಟಿದ್ದನ್ನೆಲ್ಲ ಕಿತ್ತು ಹಾಕಿದರು. ಈ ಮಾದರಿಯ ಗಾಡಿ ಬರುವುದು ನಿಂತು ಕಾಲವಾಗಿತ್ತು, ಸಾಮಾನಿಗಾಗಿ ಕೊಲ್ಹಾಪುರದ ಹಳೇ ಅಂಗಡಿಗಳನ್ನೆಲ್ಲ ಸುತ್ತಿದರು. ಉಳಿದ ಕಬ್ಬಿಣದ ಪೈಪುಗಳನ್ನು ಮತ್ತೆ ಮತ್ತೆ ತೊಳೆದರು. ಪ್ರತಿ ಸಲ ಹೊರಗೆ ಬಂದದ್ದನ್ನು ನೀರಿಗೆ ಬಿಟ್ಟು ನೋಡಿದರು. ಈಗ ಅದನ್ನು ಮರೆಮಾಡುತ್ತಿರಲಿಲ್ಲ. ಬೇರೆ ಗಿರಾಕಿಗಳು ನಿಂತು ನೋಡಿ, ತಮ್ಮ ಗಾಡಿಗಳನ್ನು ಮುಂದಿನ ಗ್ಯಾರೇಜಿಗೆ ಒಯ್ದರು.

ಪೈಪಿನೊಳಗಿನ ಹವಾ ತೆಗೆಯಲು ಇನ್ನೊಬ್ಬರು ಪೆಡಲ್ ಒತ್ತಬೇಕು. ಆ ಕೆಲಸವೂ ವೈನಿಯದೇ ಆಗಿತ್ತು. ನಾನು ಕೂತೆ. ಗಾಡಿಯ ಕೆಳಗಿನಿಂದ ಅವರ ದನಿ ಬರುತ್ತಿತ್ತು. "ಒತ್ತ್ರಿ. ಹಿಡೀರಿ. ಬಿಡಬ್ಯಾಡ್ರಿ, ಬಿಡಬ್ಯಾಡ್ರಿ... ಹಾಂ, ಬಿಡ್ರಿ." ಕೊನೆಯ ಸಲ ಒತ್ತಿ ಹಿಡಿದಾಗ ನನ್ನ ಕಾಲ ಕೆಳಗೆ ಪೆಡಲ್ ಕಲ್ಲಿನ ಹಾಗೆ ನಿಂತಿತು.

ಅವತ್ತು ಸಂಜೆ ಹೊಸ ಕೋರಾ ಬಟ್ಟೆ ಹಾಸಿದರು. ಬೆಳಗ್ಗೆ ನಾನು ಹೋದಾಗ ಅವರು ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಿದ್ದರು. ಒಂದು ಚುಕ್ಕೆಯೂ ಇರಲಿಲ್ಲ. ಇಳಿಜಾರಿಗೆ ಒಯ್ದರು. ಹೊರಡುವ ಮುಂಚೆ ಒಳಗೆ ಹೋಗಿ ಆ ಹಿತ್ತಾಳೆಯ ತಾಟು ತಂದು ಹಿಂದಿನ ಸೀಟಿನ ನಡುವೆ ಇಟ್ಟರು. ಬೆಳ್ಳಿಯನ್ನು ವ್ಯಾಪಾರಿ ಯಾವಾಗಲೋ ಒಯ್ದಿದ್ದ, ತಾಟಿನಲ್ಲಿ ಒಂದು ಹಿಡಿ ಛರ್ರಾ, ಸೈಕಲ್ ಬೇರಿಂಗಿನ ಉಕ್ಕಿನ ಗುಂಡುಗಳಿದ್ದವು. ಬ್ರೇಕ್ ಹಾಕಿದರು. ಗುಂಡುಗಳು ಕೂಡಿ ನೆಟ್ಟಗೆ ಮುಂದಕ್ಕೆ ಬಂದು ನಿಂತವು. ನಾನು ತಿರುಗಿ ನೋಡಿ, "ಸರಳ ಬಂದಾವ್ರಿ ಮಿಸ್ತ್ರಿ. ಪಾಸ್" ಎಂದೆ.

ಅವರು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದರು. ನನಗೆ ಹೂಂ ಎನ್ನಬೇಕೆನಿಸಿತು. ಆ ಹೂಂ ನನ್ನದಲ್ಲ.

"ಹಿಡೀತಾವ್ರಿ ಬ್ರೇಕ್. ನನಗೂ ಕಾಣತೈತಿ" ಎಂದರು ಕೊನೆಗೆ. "ಹೋದ ಸಲಾನೂ ಹಿಡಿದಿದ್ವು. ನಿಮ್ಮಿಬ್ಬರನ್ನ ಗಡಹಿಂಗ್ಲಜದ ಆ ಇಳಿಜಾರಿಗೆ ಕಳಸಿದೆ. ಇನ್ನ ನಾ ಯಾರ್ನೂ ಕಳಸೂದಿಲ್ಲ."

ನಾನು ಜಗಳವಾಡಿದೆ. ನೀರಿಗೆ ಬಿಟ್ಟು ನೋಡಿದರೆ ಆಯಿತಲ್ಲ, ದುನಿಯಾದ ಗ್ಯಾರೇಜಿನವರೆಲ್ಲ ಹಾಗೇ ಮಾಡುತ್ತಾರಲ್ಲ ಎಂದೆ. ಶಾಲೆ ಬಿಟ್ಟ ಮೇಲೆ ದಿನಾ ನಾನೇ ಬಂದು ಮೂಸುತ್ತೇನೆ ಎಂದೆ. ನನ್ನ ಸಿಟ್ಟಿನಲ್ಲಿ ಅಳು ಸೇರಿಕೊಂಡಿತ್ತು. ಅವರು ಕೀಲಿಕೈಯನ್ನು ನನ್ನ ಕೈಗೆ ಕೊಡಲಿಲ್ಲ, ಗಾಡಿಗೇ ಬಿಟ್ಟು ಇಳಿದು ನಡೆದು ಹೋದರು. ಆ ತಿಂಗಳಲ್ಲೇ ಪಾನಾಗಳೆಲ್ಲ ಗುಜರಿಯವನ ತಕ್ಕಡಿಗೆ ಹೋದವು. ದತ್ತವಾಡದಿಂದ ಅವರ ತಮ್ಮ 'ಛೋಟಾ ಹಾಥಿ' ಎನ್ನುವ ಸಣ್ಣ ಟೆಂಪೋ ತಂದು ಉಳಿದ ಸಾಮಾನು ಏರಿಸಿದ. ಮಿಸ್ತ್ರಿ ಡ್ರೈವರಿನ ಪಕ್ಕ ಕೂತರು, ತಾಟು ತೊಡೆಯ ಮೇಲಿತ್ತು.

ಈ ಸಲ ದಸರೆಯ ಬನ್ನಿ ಕೊಡುವ ನೆಪ ಮಾಡಿಕೊಂಡು ನಾನು ದತ್ತವಾಡಕ್ಕೆ ಹೋದೆ. ಮಿಸ್ತ್ರಿ ಅಂಗಳದಲ್ಲಿ ಕಬ್ಬಿನ ಕಡೆ ಮುಖ ಮಾಡಿ ಕೂತಿದ್ದರು. ಕೈಗಳು ಬೆಳ್ಳಗಾಗಿದ್ದವು. ಉಗುರಿನ ಸಂದಿಯ ಕಪ್ಪೂ ಹೋಗಿತ್ತು. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದೆ. ಅವರು ಎಲೆ ತೆಗೆದುಕೊಂಡರು. ಚಹಾ ಬಂತು. ನಾನು ಊರ ಸುದ್ದಿ ಹೇಳಿದೆ, ಮಗ್ಗಗಳ ಸುದ್ದಿ ಹೇಳಿದೆ, ಬೇಕೆಂದೇ ನನ್ನ ಅಕ್ಕನನ್ನು ಬೈದೆ. ಅವರು ನಗಲಿಲ್ಲ.

"ಗಾಡಿ ನಿಲ್ಲತೈತೇನ್ರಿ?" ಎಂದು ಒಂದೇ ಒಂದು ಪ್ರಶ್ನೆ ಕೇಳಿದರು.

"ನಿಲ್ಲತೈತ್ರಿ. ನೀವು ಮಾಡಿದ ಮ್ಯಾಲ ಒಂದ ಹನಿ ಸೋರಿಲ್ಲ. ಬರ್ರಿ, ನೀವ ನೋಡ್ರಿ."

ಬರುವುದಿಲ್ಲ ಎಂದುಕೊಂಡಿದ್ದೆ. ಅವರು ಎದ್ದು, ಚಪ್ಪಲಿ ಮೆಟ್ಟಿ, ಗಾಡಿಯ ಹತ್ತಿರ ಬಂದರು. ಡ್ರೈವರ್ ಬಾಗಿಲು ತೆರೆದು ಕೊಟ್ಟೆ. ಅವರು ಅದನ್ನು ದಾಟಿ ಹೋಗಿ, ಹಿಂದಿನ ಬಾಗಿಲು ತೆರೆದು, ಸೀಟಿನ ನಟ್ಟನಡುವೆ ಕೂತರು. ಎರಡೂ ಕೈಯನ್ನು ತೊಡೆಯ ಮೇಲೆ ಅಗಲಿಸಿ ಇಟ್ಟುಕೊಂಡರು. "ನಡೀರಿ" ಎಂದರು.

ಕಬ್ಬಿನ ನಡುವಿನ ರಸ್ತೆ ಖಾಲಿ ಇತ್ತು. ವೇಗ ಹೆಚ್ಚಿಸಿ, ಅವರು ಹಾಕುತ್ತಿದ್ದ ಹಾಗೇ ಗಟ್ಟಿಯಾಗಿ ಬ್ರೇಕ್ ಹಾಕಿದೆ. ಗಾಡಿ ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ನೆಟ್ಟಗೆ ನಿಂತಿತು. ಇದಕ್ಕಿಂತ ಚೆನ್ನಾಗಿ ಯಾವ ಗಾಡಿಯೂ ನಿಲ್ಲಲಾರದು. ನಾನು ಎಂಜಿನ್ ಚಾಲೂ ಇಟ್ಟುಕೊಂಡು ಕಾದೆ.

"ಮಿಸ್ತ್ರಿ, ಪಾಸ್ ಏನ್ರಿ?"

ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಕಣ್ಣು ಮುಚ್ಚಿದ್ದರು. ಉಸಿರಾಡುತ್ತಿದ್ದರು, ನಾನು ಅದನ್ನೂ ನೋಡಿಕೊಂಡೆ. ಮತ್ತೊಮ್ಮೆ ಕೇಳಿದೆ. ಹಿಂದಿನಿಂದ ಹೂಂ ಬರಲಿಲ್ಲ. ಕಬ್ಬು ತುಂಬಿದ ಗಾಡಿಯೊಂದು ಹಿಂದೆ ಬಂದು ಹಾರ್ನ್ ಹೊಡೆಯಿತು. ನಾನು ಬ್ರೇಕಿನಿಂದ ಕಾಲು ತೆಗೆದು ಅವರನ್ನು ಮನೆಗೆ ಬಿಡಲು ಹೊರಟೆ.